ಊಟದ ಮೇಜಿನ ಹೂವಿನ ಅಲಂಕಾರ

ಊಟದ ಮೇಜಿನ ಹೂವಿನ ಅಲಂಕಾರವು ಊಟದ ಅಥವಾ ಅತಿಥಿ ಸತ್ಕಾರದ ಮೇಜಿನ ನಡುಭಾಗದಲ್ಲಿ ಹೂವು, ಎಲೆ, ಕಾಯಿಗಳನ್ನು ಜೋಡಿಸಿಡುವ ಗೃಹಾಲಂಕಾರದ ಒಂದು ಪ್ರಕಾರ. ಗೋಡೆಯ ಬದಿಯಲ್ಲಿಟ್ಟ ಹೂದಾನಿಯನ್ನು ಸಾಮಾನ್ಯವಾಗಿ ಒಂದೇ ದಿಕ್ಕಿನಿಂದ ನೋಡಲಾಗುತ್ತದೆ. ಮೇಜಿನ ನಡುವಿನ ಅಲಂಕಾರವನ್ನಾದರೋ ಸುತ್ತ ಕುಳಿತವರು ಎಲ್ಲ ದಿಕ್ಕುಗಳಿಂದಲೂ, ಬಹಳ ಹತ್ತಿರದಿಂದ ನೋಡುತ್ತಾರೆ. ಆದ್ದರಿಂದ ಅದು ಗಿಡ್ಡವಾಗಿರಬೇಕು, ಆಹಾರದ ಪಕ್ಕದಲ್ಲಿಡಲು ತಕ್ಕುದಾಗಿರಬೇಕು.

ಕರ್ನಾಟಕದಲ್ಲಿ ಫೆಬ್ರವರಿಯ ನಡುವಿನಿಂದ ಮೇ ಕೊನೆಯವರೆಗಿನ ಅವಧಿಯು ಹಲವು ಹೂಗಳು ಹೇರಳವಾಗಿ ದೊರೆಯುವ ಕಾಲವೂ ಹೌದು, ಕೊಯ್ದ ಹೂವು ಬೇಗನೆ ಬಾಡುವ ಕಾಲವೂ ಹೌದು. ಈ ದಿನಗಳಲ್ಲಿ ಅಲಂಕಾರದ ಖರ್ಚು ಮತ್ತು ಬಾಳಿಕೆಗಳು ಕೊಂಡ ಹೂವಿನ ಪ್ರಮಾಣಕ್ಕಿಂತ ಹೆಚ್ಚಾಗಿ ಋತುವಿಗೆ ತಕ್ಕ ಆಯ್ಕೆ, ಗಿಡ್ಡ ತೊಟ್ಟು ಮತ್ತು ಶುಚಿಯಾದ ನೀರನ್ನು ಅವಲಂಬಿಸಿರುತ್ತವೆ.

ಹಿನ್ನೆಲೆ

ಯುರೋಪಿನ ಶ್ರೀಮಂತರ ಮನೆಗಳಲ್ಲಿ ಹಿಂದೆ ಭಕ್ಷ್ಯಗಳ ಪಾತ್ರೆಗಳನ್ನೆಲ್ಲ ಒಟ್ಟಿಗೆ ಮೇಜಿನ ಮೇಲಿಡುವ ಫ್ರೆಂಚ್ ಪದ್ಧತಿಯಿತ್ತು. 19ನೆಯ ಶತಮಾನದಲ್ಲಿ ಒಂದಾದ ಮೇಲೊಂದು ಭಕ್ಷ್ಯವನ್ನು ಹೊರಗಿನಿಂದ ತಂದು ಬಡಿಸುವ ರಷ್ಯನ್ ಪದ್ಧತಿಯು ಬಳಕೆಗೆ ಬಂದಿತು. ಇದರಿಂದ ಮೇಜಿನ ನಡುಭಾಗ ತೆರವಾಗಿ, ಆ ಜಾಗವನ್ನು ಹೂವು ಹಣ್ಣುಗಳು ತುಂಬಿದವು.

ಈ ಅಲಂಕಾರವನ್ನು ಸಾಮಾನ್ಯರ ಮನೆಗೂ ಎಟುಕುವಂತೆ ಮಾಡಿದವರಲ್ಲಿ ಇಂಗ್ಲೆಂಡಿನ ಕಾನ್‌ಸ್ಟೆನ್ಸ್ ಸ್ಪ್ರೈ (1886–1960) ಪ್ರಮುಖರು. ದುಬಾರಿ ಹೂಗಳ ಜೊತೆಗೆ ಬೇಲಿಯ ಬಳ್ಳಿ, ಕಾಡುಹೂವು, ತರಕಾರಿಯ ಎಲೆ, ಒಣಗಿದ ಬೀಜದ ಕಾಯಿಗಳನ್ನೂ ಅವರು ಬಳಸಿದರು. ಅಡುಗೆಮನೆಯ ಪಾತ್ರೆಗಳನ್ನೇ ಹೂದಾನಿಯಾಗಿಸಿದರು. ಜಪಾನಿನ ಇಕೆಬಾನ ಕಲೆಯಲ್ಲಿ ಒಹಾರ ಉನ್‌ಶಿನ್ ರೂಪಿಸಿದ ಮೊರಿಬಾನ ಶೈಲಿಯು ಆಳವಿಲ್ಲದ ಅಗಲ ಪಾತ್ರೆಯಲ್ಲಿ ಕೆಲವೇ ಹೂಗಳನ್ನು ಜೋಡಿಸುವಂಥದು. ಗಿಡ್ಡ ಜೋಡಣೆಗೆ ಇದು ಒಳ್ಳೆಯ ಮಾದರಿ.

ನೆಲದ ಮೇಲೆ ಎಲೆ ಹಾಕಿ ಉಣ್ಣುವ ಪದ್ಧತಿಯಲ್ಲಿ ಹೂವಿಗೆ ಇಂಥ ಸ್ಥಾನವಿರಲಿಲ್ಲ. ದೇವರ ಪೂಜೆ, ಹೆಣ್ಣುಮಕ್ಕಳ ಮುಡಿ, ಬಾಗಿಲ ತೋರಣ ಇವು ಹೂವಿನ ನೆಲೆಗಳಾಗಿದ್ದವು. ಊಟದ ಮೇಜು ಮನೆಗಳಿಗೆ ಬಂದ ಮೇಲೆ ಹಳೆಯ ಪಾತ್ರೆಗಳು ಹೊಸ ಬಳಕೆಗೆ ಒದಗಿದವು. ಕೇರಳದಲ್ಲಿ ಅಡುಗೆಗೆ ಬಳಸುವ ಅಗಲ ಬಾಯಿಯ ಕಂಚಿನ ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಬಿಡುವ ರೂಢಿಯು ಇಂದು ಕರ್ನಾಟಕದ ಮನೆ, ಹೋಟೆಲುಗಳಲ್ಲಿಯೂ ಕಂಡುಬರುತ್ತದೆ.

ಬೇಸಿಗೆಗೆ ಒದಗುವ ಹೂಗಳು

ದುಂಡುಮಲ್ಲಿಗೆ: ಬೇಸಿಗೆಯಲ್ಲಿ ಇದರ ಇಳುವರಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ, ಅದಕ್ಕೆ ತಕ್ಕಂತೆ ಬೆಲೆಯೂ ಏರಿಳಿಯುತ್ತದೆ. ಉದ್ದ ತೊಟ್ಟು ಇಲ್ಲದಿರುವುದರಿಂದ ಹೂದಾನಿಗೆ ಒಗ್ಗದು. ಕಟ್ಟಿದ ಮಾಲೆಯನ್ನು ಪಾತ್ರೆಯ ಕತ್ತಿಗೆ ಸುತ್ತಬಹುದು ಅಥವಾ ಮೊಗ್ಗುಗಳನ್ನು ಸಣ್ಣ ಬಟ್ಟಲಿನಲ್ಲಿಡಬಹುದು. ಮಧ್ಯಾಹ್ನ ತಂದ ಮೊಗ್ಗು ಸಂಜೆಯ ಹೊತ್ತಿಗೆ ಅರಳುತ್ತದೆ.

ಸುಗಂಧರಾಜ: ಇದರ ಹೂಗಳು ಕಡ್ಡಿಯ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತವೆ. ಅರಳಿದ ಕೆಳಗಿನ ಹೂಗಳನ್ನು ಬಿಡಿಸಿ ನೀರಿನಲ್ಲಿ ತೇಲಿಸಿ, ಉಳಿದ ಕಡ್ಡಿಯನ್ನು ಗಿಡ್ಡವಾಗಿ ಕತ್ತರಿಸಿ ಬಳಸಿದರೆ ಒಂದು ಕಡ್ಡಿಯು ಎರಡು ಅಲಂಕಾರಗಳಿಗೆ ಒದಗುತ್ತದೆ. ರಾತ್ರಿ ಪರಿಮಳ ತೀವ್ರವಾಗುವುದರಿಂದ ಊಟದ ಮೇಜಿಗೆ ಎರಡು ಮೂರು ಕಡ್ಡಿ ಸಾಕು.

ಚೆಂಡುಹೂ: ಬಹುತೇಕ ವರ್ಷವಿಡೀ ದೊರೆಯುವ ಅಗ್ಗದ ಹೂವು. ಬಿಸಿಲನ್ನು ತಾಳುತ್ತದೆ, ನೀರಿನ ಮೇಲೆ ಚೆನ್ನಾಗಿ ತೇಲುತ್ತದೆ.

ದಾಸವಾಳ: ಸಾಮಾನ್ಯ ದಾಸವಾಳದ ಹೂವು ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ನೀರಿನಲ್ಲಿಟ್ಟರೂ ಇಡದಿದ್ದರೂ ಅದರ ಆಯುಸ್ಸು ಹೆಚ್ಚುಕಡಿಮೆ ಒಂದೇ. ಹೀಗಾಗಿ ಮಧ್ಯಾಹ್ನದ ಊಟಕ್ಕೆ ಒಣ ತಟ್ಟೆಯ ಮೇಲೆಯೇ ಇಡಬಹುದು. ರಾತ್ರಿಯ ಊಟಕ್ಕೆ ಇದು ಸಲ್ಲದು.

ಕಾಗದದ ಹೂ: ಒಣ ಹವೆಯಲ್ಲಿ ಇದರ ಬಣ್ಣ ಕಳೆಗಟ್ಟುತ್ತದೆ. ಬಣ್ಣದ ಭಾಗವು ದಳವಲ್ಲ, ಮಾರ್ಪಟ್ಟ ಎಲೆ. ನಿಜವಾದ ಹೂವು ಅದರ ನಡುವಿನ ಸಣ್ಣ ಬಿಳಿ ಕೊಳವೆ. ಉದ್ದ ಕೊಂಬೆಗಿಂತ ಸಣ್ಣ ಗೊಂಚಲು ಹೆಚ್ಚು ಹೊತ್ತು ಬಾಡದೆ ಉಳಿಯುತ್ತದೆ.

ಆಸ್ಟರ್ ಮತ್ತು ಜರ್ಬೆರಾ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕಾಮಿನಿ, ಪೂರ್ಣಿಮಾ, ಶಶಾಂಕ್ ಮೊದಲಾದ ಆಸ್ಟರ್ ತಳಿಗಳನ್ನು ಹೊರತಂದಿದೆ. ಜರ್ಬೆರಾವನ್ನು ಹಸಿರುಮನೆಗಳಲ್ಲಿ ವರ್ಷವಿಡೀ ಬೆಳೆಯುತ್ತಾರೆ. ಅದರ ತೊಟ್ಟು ಮೃದುವಾದುದರಿಂದ ಬೇಗ ಕೊಳೆಯುತ್ತದೆ. ಸ್ವಲ್ಪವೇ ನೀರಿನಲ್ಲಿಟ್ಟು ಆಗಾಗ ಬದಲಾಯಿಸಬೇಕು.

ಸೇವಂತಿಗೆಯು ಹಗಲು ಗಿಡ್ಡವಾಗಿರುವ ಕಾಲದಲ್ಲಿ ಸಹಜವಾಗಿ ಹೂ ಬಿಡುವ ಗಿಡ. ಗ್ಲಾಡಿಯೋಲಸ್ ತಂಪು ಹವೆಯನ್ನು ಬಯಸುವ ಹೂವು. ಬೇಸಿಗೆಯ ಮಿತವ್ಯಯದ ಅಲಂಕಾರಕ್ಕೆ ಇವೆರಡನ್ನೂ ನೆಚ್ಚಿಕೊಳ್ಳದಿರುವುದು ಒಳ್ಳೆಯದು.

ಕಾಸಿಲ್ಲದೆ ದೊರೆಯುವ ಸಾಮಗ್ರಿ

ಬೇಸಿಗೆಯಲ್ಲಿ ಮರಗಳೇ ಹೂ ಉದುರಿಸುತ್ತವೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಮತ್ತು ಬೇವು, ಏಪ್ರಿಲ್–ಮೇ ತಿಂಗಳುಗಳಲ್ಲಿ ಗುಲ್‌ಮೊಹರ್ ಹೂ ಬಿಡುತ್ತವೆ. 1908ರಿಂದ 1932ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿದ್ದ ಜರ್ಮನ್ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುತ್ತಲೇ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದುದಕ್ಕೆ ಹೆಸರಾದವರು. ಬೆಳಗಿನ ಹೊತ್ತು ನೆಲಕ್ಕೆ ಬಿದ್ದ ಹೊಸ ಹೂಗಳನ್ನು ಆಯ್ದು, ತೊಳೆದು, ನೀರಿನಲ್ಲಿ ತೇಲಿಸಿದರೆ ಒಂದು ಹೊತ್ತಿನ ಊಟಕ್ಕೆ ಸಾಕಾಗುತ್ತವೆ. ಸಾರ್ವಜನಿಕ ಉದ್ಯಾನಗಳ ಗಿಡಮರಗಳಿಂದ ಹೂ ಕೀಳುವುದು ಸರಿಯಲ್ಲ.

ಹಸಿರಿಗಾಗಿ ಮಾವಿನ ಚಿಗುರು, ಮರುಗ, ಕರಿಬೇವಿನ ಕಡ್ಡಿ, ಪುದೀನ ಮತ್ತು ಕ್ರೋಟನ್ ಒದಗುತ್ತವೆ. ಚೈತ್ರ ಮಾಸದಲ್ಲಿ ದವನವೂ ಸಿಗುತ್ತದೆ. ಬಿಸಿಲಿಗೆ ಬೇಗನೆ ಹೂ ಹೊರಡುವ ಕೊತ್ತಂಬರಿ ಮತ್ತು ಸಬ್ಬಸಿಗೆಯ ಗಿಡಗಳನ್ನು ಸೊಪ್ಪಾಗಿ ಬಳಸಲಾಗದು. ಅವುಗಳ ಹೂಗೊಂಚಲು ಮಾತ್ರ ಹೂದಾನಿಗೆ ಬಲು ಚೆನ್ನ. ಮಲೆನಾಡು ಮತ್ತು ಕರಾವಳಿಯಲ್ಲಿ ಅಡಿಕೆಯ ಹಿಂಗಾರವೂ ಅಲಂಕಾರಕ್ಕೆ ಬಳಕೆಯಾಗುತ್ತದೆ.

ಪಾತ್ರೆ ಮತ್ತು ಅಳತೆ

ವಿಶೇಷ ಹೂದಾನಿಯನ್ನು ಕೊಳ್ಳಬೇಕಾಗಿಲ್ಲ. ಹಿತ್ತಾಳೆಯ ಚೊಂಬು, ಉಪ್ಪಿನಕಾಯಿ ಭರಣಿ, ಮಣ್ಣಿನ ಕುಡಿಕೆ, ಸ್ಟೀಲ್ ಲೋಟ, ಖಾಲಿಯಾದ ಜಾಮ್ ಸೀಸೆ, ತೆಂಗಿನ ಕರಟ ಇವೆಲ್ಲವೂ ಆಗುತ್ತವೆ. ನೀರು ಜಿನುಗುವ ಮಣ್ಣಿನ ಪಾತ್ರೆ ಅಥವಾ ಕರಟದೊಳಗೆ ಸಣ್ಣ ಲೋಟವನ್ನಿಟ್ಟು ಅದರಲ್ಲಿ ನೀರು ತುಂಬಬೇಕು.

ಎದುರು ಕುಳಿತವರ ಮುಖ ಕಾಣದಂತೆ ಅಲಂಕಾರವಿರಬಾರದು. ಪಾತ್ರೆಯೂ ಸೇರಿ ಎತ್ತರವು 30 ಸೆಂಟಿಮೀಟರಿನೊಳಗಿದ್ದರೆ ಒಳ್ಳೆಯದು. ಅಗಲವು ಮೇಜಿನ ಅಗಲದ ಮೂರನೆಯ ಒಂದು ಭಾಗವನ್ನು ಮೀರಿದರೆ ಬಡಿಸುವ ಪಾತ್ರೆಗಳಿಗೆ ಜಾಗವುಳಿಯದು.

ಜೋಡಿಸುವ ವಿಧಾನಗಳು

ತೇಲುವ ಹೂಗಳು: ಅಗಲ ಬಾಯಿಯ ಪಾತ್ರೆಯಲ್ಲಿ 3ರಿಂದ 5 ಸೆಂಟಿಮೀಟರ್ ಆಳಕ್ಕೆ ನೀರು ತುಂಬಿ, ತೊಟ್ಟನ್ನು ಬುಡಕ್ಕೆ ಕತ್ತರಿಸಿದ ಹೂಗಳನ್ನು ತೇಲಿಬಿಡಲಾಗುತ್ತದೆ. ಚೆಂಡುಹೂ, ಗುಲಾಬಿ ಮತ್ತು ಸುಗಂಧರಾಜದ ಬಿಡಿ ಹೂಗಳು ಇದಕ್ಕೆ ಹೊಂದುತ್ತವೆ. ನೀರಿನ ಅರ್ಧ ಭಾಗವಾದರೂ ಬರಿದಾಗಿ ಕಾಣುತ್ತಿದ್ದರೆ ಕಣ್ಣಿಗೆ ತಂಪು; ಹೂವೂ ಕಡಿಮೆ ಸಾಕು. ತೊಟ್ಟು ಮುರಿದ ಹೂಗಳನ್ನೂ ಬಳಸಬಹುದಾದ್ದರಿಂದ ಇದು ಅತಿ ಅಗ್ಗದ ವಿಧಾನ.

ಸಾಲು ಸೀಸೆಗಳು: ಒಂದು ದೊಡ್ಡ ಹೂದಾನಿಯ ಬದಲು ಮೂರು ಅಥವಾ ಐದು ಸಣ್ಣ ಸೀಸೆಗಳನ್ನು ಮೇಜಿನ ಉದ್ದಕ್ಕೆ ಇಟ್ಟು, ಪ್ರತಿಯೊಂದರಲ್ಲಿ ಒಂದು ಅಥವಾ ಎರಡು ಕಡ್ಡಿಗಳನ್ನು ಇಡಲಾಗುತ್ತದೆ. ಒಂದು ಹೂವು ಬಾಡಿದರೆ ಅದನ್ನಷ್ಟೇ ಬದಲಾಯಿಸಬಹುದು. ಬಡಿಸುವಾಗ ಸೀಸೆಗಳನ್ನು ಸರಿಸುವುದೂ ಸುಲಭ.

ಜಾಲದ ಜೋಡಣೆ: ಅಗಲ ಬಾಯಿಯ ಪಾತ್ರೆಯಲ್ಲಿ ಹೂಗಳು ಪಕ್ಕಕ್ಕೆ ವಾಲುವುದುಂಟು. ಪಾತ್ರೆಯ ಬಾಯಿಗೆ ಅಂಟುಪಟ್ಟಿಯನ್ನು ಅಡ್ಡ ಉದ್ದ ಅಂಟಿಸಿ ಚೌಕಗಳನ್ನು ಮಾಡಿದರೆ, ಅಥವಾ ಒಳಗೆ ಸಣ್ಣ ಕಡ್ಡಿಗಳನ್ನು ಅಡ್ಡಡ್ಡ ಸಿಕ್ಕಿಸಿದರೆ, ಹತ್ತು ಹನ್ನೆರಡು ಹೂಗಳೇ ಪಾತ್ರೆ ತುಂಬಿದಂತೆ ನಿಲ್ಲುತ್ತವೆ. ಮೊದಲು ಎಲೆ, ಆಮೇಲೆ ದೊಡ್ಡ ಹೂ, ಕೊನೆಗೆ ಸಣ್ಣ ಹೂ ಎಂಬ ಕ್ರಮವನ್ನು ಅನುಸರಿಸಿ, ಪಾತ್ರೆಯನ್ನು ತಿರುಗಿಸುತ್ತ ಜೋಡಿಸಬೇಕು.

ಹೂಗಾರರು ಇದೇ ಕೆಲಸಕ್ಕೆ ಬಳಸುವ ಹಸಿರು ಫೋಮ್ ಪ್ಲಾಸ್ಟಿಕ್ ಜಾತಿಯದು. ಅಮೆರಿಕದಲ್ಲಿ 1954ರಲ್ಲಿ ಬಳಕೆಗೆ ಬಂದ ಈ ವಸ್ತುವು ಪುಡಿಯಾಗಿ ನೀರು ಮತ್ತು ಮಣ್ಣಿಗೆ ಸೇರುತ್ತದೆ, ಸುಲಭವಾಗಿ ಕೊಳೆಯುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ಮನೆಯ ಅಲಂಕಾರಕ್ಕೆ ಇದರ ಅಗತ್ಯವಿಲ್ಲ.

ಹೂ ಬಾಡುವುದಕ್ಕೆ ಕಾರಣ ಮತ್ತು ಆರೈಕೆ

ಕೊಯ್ದ ಹೂವು ದಳ ಮತ್ತು ಎಲೆಗಳ ಮೂಲಕ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ತೊಟ್ಟಿನ ನಾಳಗಳು ಆ ನೀರನ್ನು ತುಂಬಿಕೊಡದಿದ್ದಾಗ ಹೂವು ಬಾಡುತ್ತದೆ. ಕತ್ತರಿಸಿದ ಬಾಯಿಯಲ್ಲಿ ಗಾಳಿಯ ಗುಳ್ಳೆ ಸೇರುವುದು ಮತ್ತು ನೀರಿನಲ್ಲಿ ಬೆಳೆಯುವ ಸೂಕ್ಷ್ಮಾಣುಜೀವಿಗಳು ನಾಳವನ್ನು ಮುಚ್ಚುವುದು ಇದಕ್ಕೆ ಮುಖ್ಯ ಕಾರಣಗಳು. ಕೆಳಗಿನ ಕ್ರಮಗಳು ಇವನ್ನು ತಡೆಯುತ್ತವೆ.

ತೋಟದ ಹೂವನ್ನು ಬಿಸಿಲೇರುವ ಮುನ್ನ ಕೊಯ್ಯಬೇಕು. ಮನೆಗೆ ತಂದ ಕೂಡಲೇ ತೊಟ್ಟಿನ ತುದಿಯನ್ನು ಹರಿತವಾದ ಚಾಕುವಿನಿಂದ ಓರೆಯಾಗಿ, ಸಾಧ್ಯವಾದರೆ ನೀರಿನೊಳಗೇ, ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು. ಜೋಡಿಸುವ ಮೊದಲು ಒಂದೆರಡು ಗಂಟೆ ನೆರಳಿನಲ್ಲಿ, ಬಕೆಟ್ಟಿನ ನೀರಿನಲ್ಲಿಟ್ಟರೆ ಹೂವು ಚೇತರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ದಿನಕ್ಕೊಮ್ಮೆ ಪಾತ್ರೆ ತೊಳೆದು ನೀರು ಬದಲಾಯಿಸುವುದು ಎಲ್ಲಕ್ಕಿಂತ ಮುಖ್ಯ. ಬರಿಯ ಸಕ್ಕರೆಯನ್ನು ನೀರಿಗೆ ಹಾಕುವುದರಿಂದ ಸೂಕ್ಷ್ಮಾಣುಜೀವಿಗಳು ಹೆಚ್ಚುವ ಸಂಭವವಿದೆ. ತಾಮ್ರದ ನಾಣ್ಯ ಹಾಕಿದರೆ ಹೂ ಉಳಿಯುತ್ತದೆಂಬ ನಂಬಿಕೆಯನ್ನು ನೆಚ್ಚಬೇಕಾಗಿಲ್ಲ.

ಮಾವಿನ ಕಾಲದಲ್ಲಿ ಇನ್ನೊಂದು ತೊಡಕುಂಟು. ಮಾಗುತ್ತಿರುವ ಮಾವು, ಬಾಳೆಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಕಾರ್ನೇಷನ್, ಆರ್ಕಿಡ್ ಮೊದಲಾದ ಹೂಗಳು ಇದರಿಂದ ಬೇಗ ಮುದುಡುತ್ತವೆ. ಹಣ್ಣಿನ ಬುಟ್ಟಿಯನ್ನೂ ಹೂವನ್ನೂ ಊಟದ ಹೊತ್ತಿನಲ್ಲಿ ಮಾತ್ರ ಒಂದೇ ಮೇಜಿನ ಮೇಲಿಟ್ಟು, ಉಳಿದ ವೇಳೆ ಬೇರೆಯಾಗಿಡುವುದು ಲೇಸು.

ಎಚ್ಚರಿಕೆಗಳು

ವಿಷಕಾರಿ ಗಿಡಗಳು: ಕಣಗಿಲೆ, ಹಳದಿ ಕಣಗಿಲೆ ಮತ್ತು ದತ್ತೂರಿಗಳು ಬೇಸಿಗೆಯಲ್ಲಿಯೂ ಹೂ ಬಿಡುವ, ಸುಲಭವಾಗಿ ಸಿಗುವ ಗಿಡಗಳು, ಆದರೆ ಇವುಗಳ ಎಲ್ಲ ಭಾಗಗಳೂ ವಿಷ. ಎರಡು ಬಗೆಯ ಕಣಗಿಲೆಗಳ ವಿಷವೂ ಹೃದಯದ ಬಡಿತವನ್ನು ಕೆಡಿಸುತ್ತದೆ. ಪೂಜೆಗೆ ಬಳಸುವ ಹೂವೆಂಬ ಕಾರಣಕ್ಕೆ ಇವನ್ನು ಊಟದ ಮೇಜಿಗೆ ತರಬಾರದು. ದೇವಕಣಗಿಲೆ ಮತ್ತು ನಂದಿಬಟ್ಟಲುಗಳು ಹಾಲಿನಂಥ ರಸವನ್ನು ಸ್ರವಿಸುತ್ತವೆ. ಈ ರಸವು ಚರ್ಮ, ಕಣ್ಣುಗಳಿಗೆ ಉರಿ ತರಬಹುದಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಇವನ್ನೂ ಮೇಜಿನಿಂದ ದೂರವಿಡುವುದು ಕ್ಷೇಮ. ಬೆಕ್ಕು ಸಾಕಿದವರು ಲಿಲ್ಲಿ ಹೂಗಳನ್ನು ಮನೆಯೊಳಗೆ ತರಬಾರದು. ಲಿಲ್ಲಿಯ ಪರಾಗವೂ ಬೆಕ್ಕಿನ ಮೂತ್ರಪಿಂಡಗಳಿಗೆ ಮಾರಕ.

ಕೀಟನಾಶಕ: ಮಾರುಕಟ್ಟೆಯ ಅಲಂಕಾರದ ಹೂಗಳನ್ನು ತಿನ್ನುವ ಉದ್ದೇಶದಿಂದ ಬೆಳೆದಿರುವುದಿಲ್ಲ. ಗುಲಾಬಿಯ ದಳಗಳನ್ನು ಪಾಯಸ, ಸಿಹಿತಿಂಡಿಗಳ ಮೇಲೆ ಉದುರಿಸುವುದು, ಹೂವನ್ನು ಎಲೆ ತಟ್ಟೆಗಳಿಗೆ ತಾಗಿಸಿಡುವುದು ಸರಿಯಲ್ಲ.

ಸೊಳ್ಳೆ: ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಮನೆಯೊಳಗಿನ ನಿಂತ ನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಉರುಳಿಯ ನೀರನ್ನು ವಾರಗಟ್ಟಲೆ ಹಾಗೆಯೇ ಬಿಡಬಾರದು. ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಳ್ಳುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಮೈಯನ್ನು ಉಜ್ಜಿ ತೊಳೆಯಬೇಕು.

ವೆಚ್ಚ ಮತ್ತು ಮರುಬಳಕೆ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ, ಮೈಸೂರಿನ ದೇವರಾಜ ಮಾರುಕಟ್ಟೆಗಳಂಥ ಕಡೆ ಬಿಡಿ ಹೂವನ್ನು ತೂಕದಲ್ಲಿ, ಕಟ್ಟಿದ ಹೂವನ್ನು ಮೊಳ, ಮಾರುಗಳಲ್ಲಿ, ಕಡ್ಡಿ ಹೂವನ್ನು ಕಟ್ಟಿನಲ್ಲಿ ಮಾರುತ್ತಾರೆ. ಯುಗಾದಿ, ರಾಮನವಮಿಗಳ ಮುನ್ನಾದಿನ ಮತ್ತು ಮದುವೆಯ ಲಗ್ನಗಳು ಒತ್ತಾಗಿರುವ ದಿನಗಳಲ್ಲಿ ಬೆಲೆ ಏರುತ್ತದೆ. ತೇಲುವ ಅಲಂಕಾರಕ್ಕೆ ತೊಟ್ಟಿಲ್ಲದ ಬಿಡಿ ಹೂವೇ ಸಾಕಾದ್ದರಿಂದ ಕಾಲು ಕಿಲೋ ಚೆಂಡುಹೂವಿನಲ್ಲಿ ಒಂದು ಮೇಜಿನ ಅಲಂಕಾರ ಮುಗಿದು ಇನ್ನೂ ಉಳಿಯುತ್ತದೆ. ಕಡ್ಡಿ ಹೂವಿನ ತೊಟ್ಟನ್ನು ದಿನವೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತ ಮೊದಲು ಸೀಸೆಯಲ್ಲಿ, ಆಮೇಲೆ ಲೋಟದಲ್ಲಿ, ಕೊನೆಗೆ ನೀರಿನ ತಟ್ಟೆಯಲ್ಲಿ ಬಳಸಿದರೆ ಕೊಂಡ ಹೂವು ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಬಾಡಿದ ಹೂವು, ಎಲೆಗಳನ್ನು ಗೊಬ್ಬರದ ಗುಂಡಿಗೆ ಅಥವಾ ಹಸಿಕಸಕ್ಕೆ ಸೇರಿಸಬಹುದು. ಬಾಳೆನಾರಿನಿಂದ ಕಟ್ಟಿದ ಹೂವು ನಾರಿನೊಡನೆಯೇ ಕೊಳೆಯುತ್ತದೆ. ನೈಲಾನ್ ದಾರ ಮತ್ತು ಅಂಟುಪಟ್ಟಿಗಳನ್ನು ಬೇರ್ಪಡಿಸಬೇಕಾಗುತ್ತದೆ. ಹೂದಾನಿಯಿಂದ ತೆಗೆದ ನೀರನ್ನು, ಅದಕ್ಕೆ ಯಾವ ರಾಸಾಯನಿಕವನ್ನೂ ಸೇರಿಸಿರದಿದ್ದರೆ, ನೀರಿನ ಅಭಾವವಿರುವ ಬೇಸಿಗೆಯಲ್ಲಿ ಅಂಗಳದ ಗಿಡಗಳಿಗೆ ಹಾಕಬಹುದು.