ನೆಲ್ಯಾಡಿ ಸೀಮೆಯ ಜಲರಕ್ಷಣೆ: ಕಟ್ಟದಿಂದ ಕಿಂಡಿ ಅಣೆಕಟ್ಟಿನವರೆಗೆ

ನೆಲ್ಯಾಡಿ ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಒಂದು ಪೇಟೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಉಪ್ಪಿನಂಗಡಿ ದಾಟಿದ ಮೇಲೆ, ಶಿರಾಡಿ ಘಾಟಿ ಹತ್ತುವ ಮೊದಲು ಸಿಗುತ್ತದೆ. ಗೋಳಿತೊಟ್ಟು, ಕೌಕ್ರಾಡಿ, ಇಚ್ಲಂಪಾಡಿ, ಶಿರಾಡಿ ಗ್ರಾಮಗಳಿಗೆ ಇದೇ ಸಂತೆಯ ಊರು. 2018ರಲ್ಲಿ ಕಡಬ ತಾಲ್ಲೂಕು ಆಗುವವರೆಗೆ ಇದು ಪುತ್ತೂರು ತಾಲ್ಲೂಕಿನಲ್ಲಿತ್ತು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಆ ತಾಲ್ಲೂಕಿಗೆ ಉಪ್ಪಿನಂಗಡಿಯ ಹೆಸರೇ ಇತ್ತು. ಘಟ್ಟದಿಂದ ಇಳಿದು ಬರುವ ಗುಂಡ್ಯ ಹೊಳೆ ಕುಮಾರಧಾರೆಯನ್ನು ಸೇರುತ್ತದೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲ್ಲೂಕುಗಳ ನೀರಿನ ಚರಿತ್ರೆ ಹೆಚ್ಚುಕಡಿಮೆ ಒಂದೇ ಆದುದರಿಂದ ಅವನ್ನು ಇಲ್ಲಿ ಒಟ್ಟಾಗಿ ನೋಡಲಾಗಿದೆ.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಘಟ್ಟದ ಬುಡದಲ್ಲಿ ಇನ್ನೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಗುಡ್ಡೆಗಳೆಲ್ಲ ಮುರಕಲ್ಲಿನವು. ಮುರಕಲ್ಲು ತೂತುತೂತಾದ ಕಲ್ಲು, ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಒಳಗಿಳಿದ ನೀರು ಅಡಿಯ ಜೇಡಿಮಣ್ಣಿನ ಪದರಕ್ಕೆ ತಾಗಿ ಅಡ್ಡಕ್ಕೆ ಹರಿದು ಬೈಲಿನ ಅಂಚಿನಲ್ಲಿ ಒರತೆಯಾಗಿ ಹೊರಡುತ್ತದೆ. ಕಾಡು ದಟ್ಟವಾಗಿದ್ದಲ್ಲಿ ಒರತೆ ಮಾರ್ಚ್ ದಾಟುತ್ತದೆ, ಬೋಳುಗುಡ್ಡೆಯ ಕೆಳಗೆ ಜನವರಿಯಲ್ಲೇ ನಿಲ್ಲುತ್ತದೆ. ಇಳಿಜಾರು ಕಡಿದಾದದ್ದರಿಂದ ತೋಡಿನ, ಎಂದರೆ ಸಣ್ಣ ಹಳ್ಳದ, ನೀರು ಒಂದೆರಡು ದಿನಗಳಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ.

ಇಲ್ಲಿನ ನೀರಿನ ಕೊರತೆ ಎಂಥದೆಂದು ತಿಳಿಯಲು ಒಂದು ಲೆಕ್ಕ ಸಾಕು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಕಡುಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರವೊಂದಕ್ಕೆ 175 ಲೀಟರ್ ಎಂಬ ಹಳೆಯ ಶಿಫಾರಸಿನಂತೆ ದಿನಕ್ಕೆ ಸರಾಸರಿ 24,000 ಲೀಟರ್ ಬೇಕು, ನೂರು ದಿನಕ್ಕೆ 24 ಲಕ್ಷ ಲೀಟರ್. ಅದೇ ಎಕರೆಯ ಮೇಲೆ ವರ್ಷದಲ್ಲಿ ಬೀಳುವ ನೀರು 1 ಕೋಟಿ 60 ಲಕ್ಷ ಲೀಟರ್. ಬಯಲುಸೀಮೆಯವರಿಗೆ ಮಳೆ ಬರುವುದೇ ಚಿಂತೆ. ನೆಲ್ಯಾಡಿಯವರಿಗೆ ಬಂದ ಮಳೆಯನ್ನು ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯ ತನಕ ಹಿಡಿದಿಟ್ಟುಕೊಳ್ಳುವುದೇ ಚಿಂತೆ. ಈ ಸೀಮೆಯ ಹಳೆಯ ಹೊಸ ಉಪಾಯಗಳೆಲ್ಲ ಈ ಆರೇಳು ತಿಂಗಳ ಸುತ್ತಲೇ ಹುಟ್ಟಿದವು.

ಕಟ್ಟದ ಕಾಲ

ತುಳುನಾಡಿನ ಗದ್ದೆಗಳನ್ನು ನೀರಿನ ಆಧಾರದ ಮೇಲೆ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. 1894ರಲ್ಲಿ ಪ್ರಕಟವಾದ ಸ್ಟರಾಕನ ದಕ್ಷಿಣ ಕನ್ನಡ ಕೈಪಿಡಿಯಲ್ಲೂ ಇದೇ ವಿಂಗಡಣೆ ಇದೆ. ಬೆಟ್ಟುಗದ್ದೆಗೆ ಮಳೆಗಾಲದ ಏಣೇಲು ಒಂದೇ ಬೆಳೆ, ಮಜಲಿಗೆ ಏಣೇಲು ಮತ್ತು ಸುಗ್ಗಿ, ಬೈಲಿಗೆ ಮಾತ್ರ ಮೂರನೆಯ ಕೊಳಕೆ. ಸುಗ್ಗಿ, ಕೊಳಕೆಗಳು ಮಳೆ ನಿಂತ ಮೇಲಿನ ಬೆಳೆಗಳಾದ್ದರಿಂದ ತೋಡಿಗೆ ಕಟ್ಟ ಹಾಕದೆ ಅವು ಆಗುತ್ತಿರಲಿಲ್ಲ.

ಕಟ್ಟವೆಂದರೆ ವರ್ಷವರ್ಷವೂ ಹೊಸದಾಗಿ ಕಟ್ಟಿ, ಮಳೆಗಾಲಕ್ಕೆ ಬಿಟ್ಟುಕೊಡುವ ತಾತ್ಕಾಲಿಕ ಒಡ್ಡು. ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ, ತೋಡಿನ ಸೆಳೆತ ಇಳಿದು ಹರಿವು ಇನ್ನೂ ಉಳಿದಿರುವಾಗ ಕೆಲಸ ಶುರುವಾಗುತ್ತದೆ. ಕಾಡುಕಲ್ಲನ್ನು ಎರಡು ಸಾಲಾಗಿ ಪೇರಿಸುತ್ತಾರೆ. ಕಲ್ಲು ಸಿಗದ ಕಡೆ ಬಿದಿರಿನ ಗೂಟ ನೆಟ್ಟು, ಸೀಳಿದ ಅಡಿಕೆ ಮರವನ್ನು ಅಡ್ಡಕ್ಕೆ ಕಟ್ಟುತ್ತಾರೆ. ನಡುವೆ ಸೊಪ್ಪು, ಮೇಲೆ ಜೇಡಿಮಣ್ಣು. ಮಣ್ಣನ್ನು ಒಂದೊಂದೇ ಬುಟ್ಟಿ ಸುರಿದು, ಮೊಣಕಾಲುದ್ದ ನೀರಲ್ಲಿ ನಿಂತು ಕಾಲಿನಿಂದ ಮೆಟ್ಟಬೇಕು. ಮೆಟ್ಟಿದ್ದು ಸಾಲದಿದ್ದರೆ ಮೊದಲ ರಾತ್ರಿಯೇ ಏಡಿ ಕೊರೆದ ತೂತಿನಿಂದ ಅರ್ಧ ನೀರು ಹೋಗಿರುತ್ತದೆ. ಕೊನೆಯ ಹತ್ತು ಅಡಿ ಮುಚ್ಚುವಾಗ ತೋಡಿನ ಪೂರ್ತಿ ಹರಿವು ಆ ಸಂದಿಯಲ್ಲೇ ನುಗ್ಗುವುದರಿಂದ ಎಷ್ಟು ಕೈ ಇದ್ದರೂ ಸಾಲದು. ಅಂದು ಊಟ ಕಟ್ಟದ ದಂಡೆಯಲ್ಲೇ. ನೀರು ಏರಿದಾಗ ಪಕ್ಕದ ಕಣಿಗೆ (ಕಾಲುವೆಗೆ) ತಿರುಗಿಸುತ್ತಾರೆ, ಅಲ್ಲಿಂದ ಅದು ತನ್ನಷ್ಟಕ್ಕೆ ಗದ್ದೆಗೂ ತೋಟಕ್ಕೂ ಹೋಗುತ್ತದೆ. ನಿಂತ ನೀರು ಇಕ್ಕೆಲದ ನೆಲಕ್ಕೂ ಇಳಿಯುವುದರಿಂದ ಬಾವಿಗಳಲ್ಲಿ ನೀರು ಮೇಲೇರುತ್ತದೆ. ತೋಟಕ್ಕೆ ಕಟ್ಟದ ನೀರು ಬೇಡವೆನ್ನುವವರ ಮನೆಬಾವಿಗೂ ಕಟ್ಟದ ಪಾಲು ಸಿಗುತ್ತಿತ್ತು.

ಈ ಕೂಡುದುಡಿಮೆಯನ್ನು ಈಗ ಬಹಳ ಮಧುರವಾಗಿ ನೆನೆಸಿಕೊಳ್ಳುವುದುಂಟು. ಅದರಲ್ಲಿ ಅರ್ಧ ಸತ್ಯವಷ್ಟೇ ಇದೆ. ಭೂಮಿ ಧಣಿಗಳದು, ಉಳುವವರು ಚಾಲಗೇಣಿ ಒಕ್ಕಲು. ಕಟ್ಟಕ್ಕೆ ಯಾರು ಎಷ್ಟು ಆಳು ಕಳಿಸಬೇಕೆಂಬುದನ್ನು ಧಣಿಯ ಮನೆಯೇ ಹೇಳುತ್ತಿತ್ತು. ಜೇಡಿ ಮೆಟ್ಟಿದವರಲ್ಲಿ ಎಷ್ಟೋ ಮಂದಿಗೆ ಆ ನೀರಿನಿಂದ ನೆನೆಯುವ ಒಂದು ಸೆಂಟ್ಸ್ ಜಾಗವೂ ಇರಲಿಲ್ಲ. ಆದರೂ ಪ್ರತಿ ವರ್ಷ ಕಟ್ಟ ಎದ್ದಿತು, ನೀರು ನಿಂತಿತು ಎಂಬುದೂ ನಿಜ.

ಕಟ್ಟದ ಜತೆಗೆ ಬೇರೆ ಏರ್ಪಾಡುಗಳೂ ಇದ್ದವು. ಗುಡ್ಡೆಯ ತಗ್ಗಿನಲ್ಲಿ ಒಂದು ಬದಿಗೆ ಏರಿ ಹಾಕಿ ಮಳೆನೀರು ನಿಲ್ಲಿಸುವ ಮದಕ ಕೆಳಗಿನ ಬಾವಿಗಳಿಗೆ ಆಸರೆ. ಏತ, ಕೆರೆ, ಅಡಿಕೆ ಮರದ ದಂಬೆ ಎಲ್ಲ ಕಡೆಯೂ ಇದ್ದವು. ಸುರಂಗದ ವಿಚಾರ ಸ್ವಲ್ಪ ಬೇರೆ. ಗುಡ್ಡೆಯನ್ನು ಅಡ್ಡಕ್ಕೆ ಕೊರೆದು, ಬಗ್ಗದೆ ಒಬ್ಬನೇ ನಡೆಯುವಷ್ಟು ಇಕ್ಕಟ್ಟಿನ ದಾರಿ ಮಾಡಿ ಒರತೆ ಹಿಡಿಯುವ ಈ ಪದ್ಧತಿ ದಟ್ಟವಾಗಿರುವುದು ಬಂಟ್ವಾಳ, ಪುತ್ತೂರಿನ ದಕ್ಷಿಣ ಭಾಗ ಮತ್ತು ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆಗೆ. ಪಂಪು ಬೇಡ, ವಿದ್ಯುತ್ ಬೇಡ. ಆದರೆ ಮಣ್ಣಿನ ನಾಡಿ ಬಲ್ಲ ಕೆಲಸಗಾರ ಬೇಕು. ಅಡ್ಯನಡ್ಕದ ಬಳಿಯ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದ ಮೇಲೆ ಒಬ್ಬರೇ ಸುರಂಗ ಕೊರೆದವರು. ಐದು ಸುರಂಗ ಒಣಗಿದ್ದೇ ಬಂತು, ಆರನೆಯದರಲ್ಲಿ ನೀರು ಸಿಕ್ಕಿತು. ಬೋಳುಗುಡ್ಡೆಯಲ್ಲಿ ಅಡಿಕೆ ತೋಟ ಎಬ್ಬಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಪಂಪು, ಅಡಿಕೆ, ರಬ್ಬರು

ಕಟ್ಟ ಬಿಟ್ಟುಹೋದದ್ದಕ್ಕೆ ಒಂದೇ ಕಾರಣ ಹೇಳಲು ಬರುವುದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಒಕ್ಕಲುಗಳು ಭೂಮಾಲೀಕರಾದರು. ಅದು ಆಗಬೇಕಾದ ನ್ಯಾಯವೇ. ಆದರೆ ಒಂದು ಬೈಲು ಹತ್ತಾರು ಪಟ್ಟೆಗಳಾಗಿ ಹಂಚಿಹೋದಾಗ ಕಟ್ಟಕ್ಕೆ ಆಳು ಕರೆಯುವ ಹಳೆಯ ಅಧಿಕಾರ ಹೋಯಿತು, ಅದರ ಜಾಗಕ್ಕೆ ಹೊಸ ಏರ್ಪಾಡು ಬರಲಿಲ್ಲ. ಅದೇ ಹೊತ್ತಿಗೆ ಡೀಸೆಲ್ ಪಂಪು, ಆಮೇಲೆ ಕರೆಂಟಿನ ಪಂಪು ಬಂದವು. ನೆರೆಯವನ ಕಾಯದೆ ಹೊಳೆಗೆ ಪೈಪು ಇಳಿಸಬಹುದಾಯಿತು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿ ಅಡಿಕೆಯ ಮಾರುಕಟ್ಟೆಗೆ ಒಂದು ನೆಲೆ ಸಿಕ್ಕಿದ ಮೇಲೆ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಡುವುದು ಹೆಚ್ಚಿತು. ಮಳೆಗಾಲವಿಡೀ ನೀರು ನಿಲ್ಲಿಸಿಕೊಂಡು ಇಂಗಿಸುತ್ತಿದ್ದ ಗದ್ದೆಗಳು ಹೋದವು, ಬೇಸಿಗೆಯಿಡೀ ನೀರು ಕೇಳುವ ತೋಟಗಳು ಬಂದವು. ನೀರಿನ ಜಮೆ ಕಡಿಮೆಯಾಗಿ ಖರ್ಚು ಏರಿದ್ದು ಹೀಗೆ.

ನೆಲ್ಯಾಡಿಯ ಕಡೆಗೆ ಇನ್ನೊಂದು ಬದಲಾವಣೆ ಗುಡ್ಡೆಯ ಮೇಲಾಯಿತು. ತಿರುವಾಂಕೂರಿನಿಂದ ಬಂದ ಕ್ರೈಸ್ತ ಕೃಷಿಕರು ಕಡಬ, ಶಿರಾಡಿ, ನೆಲ್ಯಾಡಿಗಳಲ್ಲಿ ನೆಲೆಸಿ ರಬ್ಬರ್ ಬೆಳೆಸಿದರು. ಸುಳ್ಯದ ಕಡೆ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರಿಗಾಗಿ ಸರ್ಕಾರಿ ರಬ್ಬರ್ ತೋಟಗಳು ಬೆಳೆದವು. ಕಾಡು ಕಡಿದು ಒಂದೇ ಜಾತಿಯ ಮರ ನೆಟ್ಟದ್ದನ್ನು ಮೆಚ್ಚಿಕೊಳ್ಳಲಾಗದು. ಆದರೆ ಇಳಿಜಾರನ್ನು ಸಮಪಾತಳಿಯಲ್ಲಿ ಮೆಟ್ಟಿಲು ಕಡಿದು, ನಡುನಡುವೆ ಗುಂಡಿ ತೋಡಿ, ಮಣ್ಣಿಗೆ ಬಳ್ಳಿ ಹೊದಿಸುವ ರಬ್ಬರ್ ಕೃಷಿಯ ಶಿಸ್ತು ನೀರಿಂಗಿಸುವ ಕೆಲಸವನ್ನೂ ಮಾಡಿತೆಂಬುದನ್ನು ಸ್ಥಳೀಯ ಚರ್ಚೆಗಳಲ್ಲಿ ಹೇಳುವವರು ಕಡಿಮೆ.

ಆಮೇಲೆ ಬಂದದ್ದು ಕೊಳವೆಬಾವಿ. ಮುರಕಲ್ಲು, ಜೇಡಿ ಎರಡನ್ನೂ ದಾಟಿ ಕೆಳಗಿನ ಬಂಡೆಯ ಬಿರುಕಿಗೆ ಇಳಿಯುವ ಕೊಳವೆ ಕೆಲವೆಡೆ ಮೇಲಿನ ಸುರಂಗ, ತೆರೆದ ಬಾವಿಗಳನ್ನೇ ಬತ್ತಿಸಿತು. ಕರ್ನಾಟಕ ಅಂತರ್ಜಲ ಕಾಯ್ದೆ 2011ರಲ್ಲಿ ಬಂದರೂ ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ಕರೆಂಟು ಉಚಿತವಾಗಿರುವ ತನಕ ನೀರೆತ್ತುವವರ ಕೈ ಹಿಡಿಯುವುದು ಸುಲಭವಲ್ಲ.

ಮರಳಿ ಕಟ್ಟಿದ್ದು

1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ. ಅದರ ಸಂಪಾದಕ ಶ್ರೀ ಪಡ್ರೆಯವರು ಕಟ್ಟ, ಮದಕ, ಸುರಂಗಗಳ ಬಗ್ಗೆ ವರ್ಷಗಟ್ಟಲೆ ಬರೆದರು. ಇಂತಿಂಥ ರೈತ ಇಷ್ಟು ಖರ್ಚು ಮಾಡಿ ಹೀಗೆ ಮಾಡಿದ ಎಂಬ ವರದಿಯ ರೀತಿ ಅವರದು, ಉಪದೇಶ ಕಡಿಮೆ. ಅಡ್ಯನಡ್ಕದ ವಾರಣಾಶಿ ಪ್ರತಿಷ್ಠಾನ ಡಾ. ವಾರಣಾಶಿ ಕೃಷ್ಣಮೂರ್ತಿಯವರ ಮುಂದಾಳ್ತನದಲ್ಲಿ ಕಟ್ಟಗಳನ್ನು ಮತ್ತೆ ಕಟ್ಟಿಸಿತು, ಮಣ್ಣು ಹೊರುವ ಆಳು ಸಿಗದ ಕಾಲಕ್ಕೆ ಪ್ಲಾಸ್ಟಿಕ್ ಹಾಳೆ ಬಳಸುವ ರೀತಿಯನ್ನೂ ಪ್ರಯೋಗಿಸಿತು. ಗಡಿಯಾಚೆ ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲು ಸಾಲು ಕಟ್ಟ ಹಾಕುವ ರೂಢಿ ಉಳಿದುಬಂದಿದೆ. ಕೆಳಗಿನ ಕಟ್ಟದ ಹಿನ್ನೀರು ಮೇಲಿನದರ ಬುಡಕ್ಕೆ ತಾಗುವಂತೆ ಇರುವುದರಿಂದ ಇಡೀ ತೋಡೇ ಬೇಸಿಗೆಗೆ ಕೆರೆಯಾಗುತ್ತದೆ.

ತೋಟದೊಳಗೂ ಬದಲಾವಣೆ ಬಂತು. 1956ರಲ್ಲಿ ಆರಂಭವಾದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದ ಪ್ರಯೋಗಗಳ ನಂತರ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂಬ ಶಿಫಾರಸು ಬಂತು. ಎಕರೆಗೆ ದಿನಕ್ಕೆ 24,000 ಲೀಟರ್ ಬೇಕಾದಲ್ಲಿ ಸುಮಾರು 10,000 ಲೀಟರಿಗೆ ಇಳಿಯಿತು. ಉಳಿದ ನೀರಿನಲ್ಲಿ ತೋಟವನ್ನು ಇನ್ನೊಂದು ಎಕರೆಗೆ ವಿಸ್ತರಿಸಿದವರೇ ಹೆಚ್ಚು ಎಂಬುದು ಬೇರೆ ಮಾತು.

ಸರ್ಕಾರ ಹಿಡಿದದ್ದು ಕಿಂಡಿ ಅಣೆಕಟ್ಟಿನ ದಾರಿ. ಕಾಂಕ್ರೀಟು ಕಂಬಗಳ ನಡುವೆ ಕಿಂಡಿ, ಕಿಂಡಿಯ ಇಕ್ಕೆಲದ ಕಂಬಗಳ ಕಚ್ಚುಗಳಲ್ಲಿ ಎರಡು ಸಾಲು ಹಲಗೆ, ಹಲಗೆಗಳ ನಡುವೆ ಜೇಡಿ. ನೋಡಿದರೆ ಇದು ಕಂಬ ಗಟ್ಟಿಯಾದ ಹಳೆಯ ಕಟ್ಟವೇ. ಪಶ್ಚಿಮ ವಾಹಿನಿ ಯೋಜನೆಯಡಿ ಕರಾವಳಿಯ ಹೊಳೆಗಳಿಗೆ ಇಂಥವು ಹಲವು ಬಂದವು. ನೇತ್ರಾವತಿಗೆ ಬಿಳಿಯೂರಿನಲ್ಲಿ ಕಟ್ಟಿದ ದೊಡ್ಡ ಅಣೆಕಟ್ಟಿನ ಹಿನ್ನೀರು ಉಪ್ಪಿನಂಗಡಿಯ ಕಡೆಗೆ ಚಾಚುತ್ತದೆ. ಸಣ್ಣ ತೋಡಿನ ಅಣೆಕಟ್ಟುಗಳ ಸೋಲುಗೆಲುವು ಮಾತ್ರ ಹಲಗೆಯ ಮೇಲೆ ನಿಂತಿದೆ. ಡಿಸೆಂಬರ್‌ನಲ್ಲಿ ಹಾಕಬೇಕಾದ ಹಲಗೆಯನ್ನು ಫೆಬ್ರುವರಿಯಲ್ಲಿ ಹಾಕಿದರೆ ಹಿಡಿಯಲು ನೀರೇ ಇರುವುದಿಲ್ಲ. ಮೊದಲ ಮಳೆಗೆ ಮುಂಚೆ ತೆಗೆಯದಿದ್ದರೆ ಕೊಚ್ಚಿಬಂದ ಮರಮಟ್ಟು ಸಿಕ್ಕಿಕೊಂಡು ನೀರು ದಂಡೆ ಕೊರೆದು ತೋಟಕ್ಕೆ ನುಗ್ಗುತ್ತದೆ. ಬೇಸಿಗೆ ಮುಗಿದ ಮೇಲೆ ಹಲಗೆಗಳನ್ನು ಎಲ್ಲಿಡಬೇಕು, ಗೆದ್ದಲಿನಿಂದ ಕಾಯುವವರು ಯಾರು, ಕೂಲಿ ಯಾವ ಲೆಕ್ಕದಿಂದ ಎಂಬ ಪ್ರಶ್ನೆಗಳು ಅಂದಾಜುಪಟ್ಟಿಯಲ್ಲಿ ಬರುವುದಿಲ್ಲ. ಅಕ್ಕಪಕ್ಕದ ತೋಟದವರು ಸೇರಿ ದಿನ ಗೊತ್ತುಮಾಡಿಕೊಂಡ ಕಡೆ ನೀರು ನಿಲ್ಲುತ್ತದೆ. ಗುತ್ತಿಗೆದಾರನಿಗೆ ಬಿಟ್ಟ ಕಡೆ ಕಂಬ ಮಾತ್ರ ನಿಂತಿರುತ್ತದೆ. ಮರದ ಹಲಗೆಗೆ ಬದಲು ಫೈಬರ್ ಹಲಗೆ ಬಂದ ಮೇಲೆ ಗೆದ್ದಲಿನ ಕಾಟ ತಪ್ಪಿತು, ಮಿಕ್ಕ ಎರಡು ಪ್ರಶ್ನೆಗಳು ಉಳಿದಿವೆ.

ಕುಡಿಯುವ ನೀರಿಗೂ ಬೇರೆ ಬೇರೆ ಕಡೆಯಿಂದ ಕೆಲಸ ನಡೆಯಿತು. ಉದ್ಯೋಗ ಖಾತ್ರಿಯಲ್ಲಿ ತೆರೆದ ಬಾವಿ, ಇಂಗುಗುಂಡಿಗಳಾದವು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಕೆರೆಗಳ ಹೂಳೆತ್ತಿಸಿತು, 2019ರ ನಂತರ ಜಲಜೀವನ್ ಮಿಷನ್ನಿನ ನಳ್ಳಿಗಳು ಬಂದವು.

ಒಂದೇ ವರ್ಷದ ಬರ ಮತ್ತು ನೆರೆ

ಈ ಸೀಮೆಗೆ ನೆರೆ ಹೊಸತಲ್ಲ. 1923ರದ್ದು ಜನರ ಬಾಯಲ್ಲಿ ‘ಮಾರಿ ಬೊಳ್ಳ’, 1974ರ ಜುಲೈಯಲ್ಲಿ ಮತ್ತೊಂದು. ಹೊಸತೆಂದರೆ ಬರ ಮತ್ತು ನೆರೆ ಒಂದರ ಬೆನ್ನಿಗೊಂದು ಬರುವುದು. 2019ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಯಾತ್ರೆಯನ್ನು ಮುಂದೂಡುವಂತೆ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೇಳಿಕೊಂಡರು. ಮೂರು ತಿಂಗಳು ಕಳೆದು ಆಗಸ್ಟ್‌ನಲ್ಲಿ ಅದೇ ನದಿಯ ಮೇಲ್ಕಣಿವೆಯ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ತೋಟ, ಸೇತುವೆಗಳು ಕೊಚ್ಚಿಹೋದವು. ಹಿಂದಿನ ವರ್ಷ ಶಿರಾಡಿ ಘಾಟಿ ಕುಸಿದು ರಸ್ತೆ, ರೈಲು ಎರಡೂ ನಿಂತಿದ್ದವು. ಆಗಲೇ ಗುಡ್ಡ ಕುಸಿದ ಕೊಡಗಿನ ಜೋಡುಪಾಲದಿಂದ ಓಡಿಬಂದವರಿಗೆ ಸುಳ್ಯದ ಊರುಗಳು ಆಸರೆ ಕೊಟ್ಟವು. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯ, ಕೊಲ್ಲಮೊಗ್ರು, ಹರಿಹರ ಪಲ್ಲತಡ್ಕಗಳಲ್ಲಿ ಒಂದೇ ರಾತ್ರಿಯ ಮಳೆ ಸೇತುವೆಗಳನ್ನು ಮುರಿಯಿತು. ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಮಕ್ಕಳು ತೀರಿಕೊಂಡರು. ಕುಸಿದ ಮಣ್ಣು ತೋಡಿನ ಗುಂಡಿಗಳನ್ನು ತುಂಬಿದ್ದರಿಂದ ಮುಂದಿನ ಬೇಸಿಗೆಗೆ ನೀರು ನಿಲ್ಲುವ ಜಾಗವೇ ಕಡಿಮೆಯಾಯಿತು. ಅಡಿಕೆಗೆ ಸಂಪಾಜೆ ಕಡೆಯ ಹಳದಿ ಎಲೆ ರೋಗ, ಕಲ್ಮಕಾರು ಸುತ್ತಿನ ಎಲೆಚುಕ್ಕಿ ರೋಗ ಸೇರಿಕೊಂಡ ಮೇಲೆ ಒಂದೇ ಬೆಳೆಯನ್ನು ನಂಬಿದ ಮನೆಗಳು ಕಾಫಿ, ಕಾಳುಮೆಣಸು, ರಂಬುಟಾನ್ ಎಂದು ಬೇರೆ ದಾರಿ ಹುಡುಕುತ್ತಿವೆ.

ಕಣಿವೆಯ ನೀರಿಗೆ ಹೊರಗಿನ ಬೇಡಿಕೆಯೂ ಇದೆ. ಬೇಸಿಗೆ ಬಿಗಡಾಯಿಸಿದ ವರ್ಷಗಳಲ್ಲಿ ತುಂಬೆ ಅಣೆಕಟ್ಟಿನಿಂದ ಕುಡಿಯುವ ಮಂಗಳೂರಿಗಾಗಿ ಮೇಲ್ಭಾಗದ ಕೃಷಿ ಪಂಪುಗಳಿಗೆ ಜಿಲ್ಲಾಡಳಿತ ತಡೆ ಹಾಕಿದ್ದುಂಟು. 200 ಮೆಗಾವಾಟಿನ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡವೆಂದು ಪಶ್ಚಿಮ ಘಟ್ಟದ ಪರಿಸರ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಹೇಳಿತು. ಸೂಕ್ಷ್ಮ ಪ್ರದೇಶದ ಪಟ್ಟಿಗೆ ತಮ್ಮ ಗ್ರಾಮ ಸೇರುತ್ತದೆಂಬ ಆತಂಕದಿಂದ ಇದೇ ಸೀಮೆಯವರು ಅದರ ನಂತರ ಬಂದ ಕಸ್ತೂರಿರಂಗನ್ ವರದಿಯನ್ನು ವಿರೋಧಿಸಿದ್ದೂ ಅಷ್ಟೇ ನಿಜ. ಗುಂಡ್ಯ ಹೊಳೆಯ ಮೂಲಗಳಾದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24.01 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 12,912 ಕೋಟಿ ರೂಪಾಯಿಯ ಅಂದಾಜು 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತದ ಪಂಪುಗಳು ಚಾಲೂ ಆದವು. ಎತ್ತುವುದು ಮಳೆಗಾಲದ ನೀರನ್ನು ಮಾತ್ರ ಎಂಬುದು ಯೋಜನೆಯ ಮಾತು. ಮಳೆಗಾಲದ ನೀರು ನೆಲಕ್ಕಿಳಿದೇ ಡಿಸೆಂಬರಿನ ತೋಡು ಹರಿಯುತ್ತದೆ, ಅದು ಹರಿದರಷ್ಟೇ ಹಲಗೆ ಹಾಕಿ ಪ್ರಯೋಜನ ಎಂಬುದು ಕೆಳಗಿನ ಕೃಷಿಕರ ವಾದ.