ತಂದೆಯನ್ನೂ ಕರೆದಾಗ

ಮಗುವಿನ ಮನೋಚಿಕಿತ್ಸೆಗೆ ತಂದೆ ಏಕೆ ಬರಬೇಕು ಎಂದು ನೀವು ಕೇಳಬಹುದು. ಹಿಂದೆ ಪಾಶ್ಚಾತ್ಯ ಚಿಕಿತ್ಸಾಲಯಗಳಲ್ಲಿ ಮಗುವನ್ನು ಒಬ್ಬರು, ತಾಯಿಯನ್ನು ಇನ್ನೊಬ್ಬರು ನೋಡುತ್ತಿದ್ದರು. ತಂದೆ ಬಹುಮಟ್ಟಿಗೆ ಹೊರಗೇ ಉಳಿಯುತ್ತಿದ್ದರು. ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದ ಜಾನ್ ಬೌಲ್ಬಿ, ಸುಧಾರಣೆ ಕಾಣದ ಬಾಲಕನೊಬ್ಬನನ್ನು ತಂದೆತಾಯಿಯರೊಡನೆ ಒಟ್ಟಿಗೆ ಕೂರಿಸಿ ಮಾತನಾಡಿಸಿದರು. ಪರಸ್ಪರ ದೂರುಗಳು ಹೊರಬಂದ ಬಳಿಕ ಸಹಕಾರ ಸಾಧ್ಯವಾಯಿತೆಂದು 1949ರಲ್ಲಿ ವರದಿ ಮಾಡಿದರು.

ಬೌಲ್ಬಿಯವರಿಗೆ ಇದು ಅಪರೂಪಕ್ಕೆ ಬಳಸುವ ಪೂರಕ ಕ್ರಮ. ಆದರೆ 1951ರಲ್ಲಿ ಲಂಡನ್ನಿಗೆ ಬಂದಿದ್ದ ಅಮೆರಿಕದ ಮನೋವಿಜ್ಞಾನಿ ಜಾನ್ ಬೆಲ್, ಅವರು ಸದಾ ಇಡೀ ಕುಟುಂಬವನ್ನೇ ನೋಡುತ್ತಾರೆಂದು ತಪ್ಪಾಗಿ ತಿಳಿದು, ಸ್ವದೇಶಕ್ಕೆ ಮರಳಿ ಹಾಗೆಯೇ ಮಾಡಿದರು. ಕುಟುಂಬ ಚಿಕಿತ್ಸೆಯ ಒಂದು ಮೂಲ ಈ ತಪ್ಪು ತಿಳಿವಳಿಕೆ!

ಒಂದು ಬಲವನ್ನು ಬಿಟ್ಟು ಮಾಡಿದ ಲೆಕ್ಕ ಸರಿಬಾರದು; ದೂರವಿದ್ದ ಮಾತ್ರಕ್ಕೆ ಬಲ ಶೂನ್ಯವೂ ಆಗದು. ಶಿಕ್ಷಕರೇ, ಮುಂದಿನ ಬಾರಿ ತಾಯಿಯನ್ನಷ್ಟೇ ಶಾಲೆಗೆ ಕರೆಸುವ ಮುನ್ನ ಇದನ್ನು ನೆನೆಯಿರಿ.