ಮರೀನ್ ಪರೇಡ್: ಗುಡ್ಡ ಸುರಿದು ಕಟ್ಟಿದ ಕಡಲತಡಿ

ಮರೀನ್ ಪರೇಡ್‌ನಲ್ಲಿ ಬಾಡಿಗೆ ಮನೆ ತೋರಿಸುವ ಏಜೆಂಟರ ಬಾಯಲ್ಲಿ ಯಾವಾಗಲೂ ಒಂದೇ ಮಾತು: ಗಲಾಟೆಯಿಲ್ಲದ ಜಾಗ, ಮಕ್ಕಳಿರುವವರಿಗೆ ಹೇಳಿ ಮಾಡಿಸಿದ್ದು, ಕಡಲಿಗೆ ನಡೆದೇ ಹೋಗಬಹುದು. ಸುಳ್ಳೇನಲ್ಲ. ಸಿಂಗಪುರದ ಪೂರ್ವ ತೀರದ ಈ ಬಡಾವಣೆಯಲ್ಲಿ ಸಂಜೆಯಾದರೆ ಅಜ್ಜಿಯರು ಮೊಮ್ಮಕ್ಕಳ ಶಾಲೆಯ ಚೀಲ ಹೊತ್ತು ಬರುತ್ತಾರೆ. ಹೆದ್ದಾರಿಯಡಿಯ ಸುರಂಗದಾರಿ ದಾಟಿದರೆ ಈಸ್ಟ್ ಕೋಸ್ಟ್ ಪಾರ್ಕ್. ಅಲ್ಲಿ ಸೈಕಲ್ ಕಲಿಯುವ ಮಕ್ಕಳು, ಗಾಳ ಹಾಕಿ ಕೂತ ಮುದುಕರು, ದೂರದಲ್ಲಿ ಲಂಗರು ಹಾಕಿದ ಹಡಗುಗಳ ಸಾಲು. ಏಜೆಂಟ್ ಹೇಳದೆ ಬಿಡುವುದು ಇಷ್ಟೇ: ಈ ನೆಲಕ್ಕೆ ಊರಿನಲ್ಲಿರುವ ನನ್ನ ಅಕ್ಕನಷ್ಟೂ ವಯಸ್ಸಾಗಿಲ್ಲ.

ನಾನು ಉಳ್ಳಾಲದವಳು. ನನಗೆ ಗೊತ್ತಿದ್ದ ಕಡಲು ಮನೆ ತಿನ್ನುವ ಕಡಲು. ಪ್ರತಿ ಮಳೆಗಾಲ ಕಡಲ್ಕೊರೆತ, ಲಾರಿಗಟ್ಟಲೆ ಕಲ್ಲು ತಂದು ಸುರಿಯುವುದು, ಮುಂದಿನ ವರ್ಷ ಆ ಕಲ್ಲೂ ನೀರುಪಾಲು. ಮನುಷ್ಯರೇ ಕಡಲನ್ನು ಹಿಂದಕ್ಕೆ ತಳ್ಳಿ ಅಲ್ಲಿ ಊರು ಕಟ್ಟುತ್ತಾರೆಂದು ಯಾರಾದರೂ ಹೇಳಿದ್ದರೆ ನಮ್ಮಜ್ಜ ನಕ್ಕುಬಿಡುತ್ತಿದ್ದ.

ಹಳೆಯ ತೀರ ಎಲ್ಲಿತ್ತೆಂದು ತಿಳಿಯಲು ಭೂಪಟವೇನೂ ಬೇಕಿಲ್ಲ. ಈಸ್ಟ್ ಕೋಸ್ಟ್ ರೋಡ್ ಎಂಬ ರಸ್ತೆಗೂ ಕಡಲಿಗೂ ಈಗ ಒಳ್ಳೆಯ ನಡಿಗೆಯಷ್ಟು ಅಂತರ. ಹಿಂದೆ ಅದು ಕಡಲ ಪಕ್ಕದ ರಸ್ತೆಯೇ. ಇಲ್ಲಿನ ಕಟಾಂಗ್ ಪ್ರದೇಶ ಹತ್ತೊಂಬತ್ತನೇ ಶತಮಾನದಲ್ಲಿ ತೆಂಗಿನ ತೋಟ. ಆಮೇಲೆ ಪೇಟೆಯ ಸಿರಿವಂತರು, ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ಪೆರಾನಕನ್ ಚೀನೀಯರು, ಯುರೇಷಿಯನ್ನರು, ಬಿಳಿಯ ವರ್ತಕರು ತೋಟ ಕೊಂಡು ಬಂಗಲೆ ಕಟ್ಟಿಸಿದರು. ಹಿತ್ತಲ ಬಾಗಿಲು ತೆರೆದರೆ ಮರಳು. ಸ್ವಲ್ಪ ಆಚೆ ಸಿಗ್ಲಾಪ್‌ನಲ್ಲಿ ಮಲಯ ಮೀನುಗಾರರ ಹಟ್ಟಿ. ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಮೀನು ಹಿಡಿಯುವ ಅಟ್ಟಣಿಗೆಗಳು, ಇಲ್ಲಿಯವರ ಮಾತಿನಲ್ಲಿ ಕೆಲಾಂಗ್.

ಅಂದಿನ ಪರದೇಶಿಗಳಿಗೆ, ಅಂದರೆ ಯುರೋಪಿನವರಿಗೆ, ಕಡಲಸ್ನಾನವೂ ಪ್ರತ್ಯೇಕವಾಗಿಯೇ ಆಗಬೇಕಿತ್ತು. 1894ರಲ್ಲಿ ತಂಜೊಂಗ್ ರೂ ತೀರದಲ್ಲಿ ಶುರುವಾದ ಸಿಂಗಪುರ್ ಸ್ವಿಮ್ಮಿಂಗ್ ಕ್ಲಬ್ ಬಹುಕಾಲ ಬಿಳಿಯರದೇ ಕ್ಲಬ್ಬಾಗಿತ್ತು. ಚೀನೀಯರು ತಮ್ಮದೇ ಈಜು ಬಳಗ ಕಟ್ಟಿಕೊಂಡರು. ಅದೇ ಆಂಬರ್ ರೋಡಿನ ಚೈನೀಸ್ ಸ್ವಿಮ್ಮಿಂಗ್ ಕ್ಲಬ್. ಸಾಮಾನ್ಯ ಜನ ಕಟಾಂಗ್ ಪಾರ್ಕಿಗೆ ಬರುತ್ತಿದ್ದರು. ಅಲ್ಲಿ ನೀರಿನಲ್ಲಿ ಮರದ ಗೂಟ ಸಾಲಾಗಿ ನೆಟ್ಟು ಬೇಲಿ ಕಟ್ಟಿದ್ದರು. ‘ಪಗಾರ್’ ಎನ್ನುವ ಆ ಬೇಲಿಯೊಳಗೆ ಶಾರ್ಕ್ ಭಯವಿಲ್ಲದೆ ಮುಳುಗೇಳಬಹುದಿತ್ತು. ಎರಡು ಕ್ಲಬ್ಬುಗಳೂ ಇಂದಿಗೂ ಇವೆ. ಈಜುಕೊಳಗಳಿವೆ, ಸದಸ್ಯರಿದ್ದಾರೆ, ಎದುರಿಗಿದ್ದ ಕಡಲು ಇಲ್ಲ.

1966ರಲ್ಲಿ, ದೇಶ ಸ್ವತಂತ್ರವಾದ ಮರುವರ್ಷವೇ, ಸರ್ಕಾರ ಪೂರ್ವ ತೀರಕ್ಕೆ ಮಣ್ಣು ತುಂಬಲು ಶುರು ಮಾಡಿತು. ಮಣ್ಣು ಎಲ್ಲಿಂದ? ಪಕ್ಕದ ಬೆಡೋಕ್ ಗುಡ್ಡಗಳಿಂದ. ದೈತ್ಯ ಚಕ್ರಕ್ಕೆ ಬಾನಿಗಳನ್ನು ಕಟ್ಟಿದಂಥ ಯಂತ್ರಗಳು ಗುಡ್ಡ ಕೆರೆಯುತ್ತಿದ್ದವು. ಆ ಮಣ್ಣು ಕನ್ವೇಯರ್ ಬೆಲ್ಟಿನ ಮೇಲೆ ತೀರಕ್ಕೆ ಬಂದು ನೀರಿಗೆ ಬೀಳುತ್ತಿತ್ತು. ಹಲವು ಹಂತಗಳಲ್ಲಿ 1980ರ ದಶಕದವರೆಗೆ ನಡೆದ ಈ ಕೆಲಸದಿಂದ ಸುಮಾರು 1,525 ಹೆಕ್ಟೇರ್ ಹೊಸ ನೆಲ ಎದ್ದಿತು. ನನಗೆ ಹೆಚ್ಚು ಹಿಡಿಸಿದ್ದು ಇದರ ಲೆಕ್ಕಾಚಾರ: ಮಣ್ಣು ಬಿದ್ದ ಕಡೆ ಮರೀನ್ ಪರೇಡ್, ಗುಡ್ಡ ಸಪಾಟಾದ ಕಡೆ ಬೆಡೋಕ್ ಉಪನಗರ. ಒಂದೇ ಮಣ್ಣಿನಲ್ಲಿ ಎರಡು ಊರು.

ಮರೀನ್ ಪರೇಡ್‌ನಲ್ಲಿ ಸರ್ಕಾರದ ವಸತಿ ಸಂಸ್ಥೆಯಾದ ಎಚ್‌ಡಿಬಿ ಕಟ್ಟಿದ ಮನೆಗಳು 1970ರ ದಶಕದವು. ಪೂರ್ತಿಯಾಗಿ ತುಂಬಿದ ನೆಲದ ಮೇಲೆ ಆ ಸಂಸ್ಥೆ ಕಟ್ಟಿದ ಮೊದಲ ಬಡಾವಣೆ ಇದು. ಬಂಗಲೆಯವರ ಕಡಲನೋಟವನ್ನು ಕಿತ್ತು ಮಧ್ಯಮ ವರ್ಗದವರ ಅಪಾರ್ಟ್‌ಮೆಂಟಿಗೆ ಕೊಟ್ಟದ್ದು ನನ್ನ ಮಟ್ಟಿಗೆ ನ್ಯಾಯವೇ. ಆದರೆ ಸಿಗ್ಲಾಪ್‌ನ ಮೀನುಗಾರರೂ ಅದೇ ಏಟಿನಲ್ಲಿ ತೀರ ಕಳೆದುಕೊಂಡರು. ಬಂಗಲೆಯವರು ಕಳೆದುಕೊಂಡದ್ದು ನೋಟ, ಇವರು ಕಳೆದುಕೊಂಡದ್ದು ಕಸುಬು. ಮರೀನ್ ಪರೇಡ್ ರೋಡಿನಲ್ಲಿ ಕಾಂಪುಂಗ್ ಸಿಗ್ಲಾಪ್ ಮಸೀದಿ ಈಗಲೂ ಇದೆ. ಕಟ್ಟಡ ಹೊಸದು, ಹೆಸರಿನಲ್ಲಿರುವ ಹಳ್ಳಿ ಮಾತ್ರ ಸುತ್ತ ಎಲ್ಲೂ ಇಲ್ಲ.

ತುಂಬಿದ ಮಣ್ಣು ಕೊಚ್ಚಿಹೋಗದಂತೆ ಮಾಡಿದ ಉಪಾಯವನ್ನು ಉಳ್ಳಾಲದ ಕಣ್ಣಿನಿಂದ ನೋಡದೆ ಇರಲಾರೆ. ತೀರದುದ್ದಕ್ಕೂ ಗೋಡೆ ಎಬ್ಬಿಸುವ ಬದಲು ಅಲ್ಲಲ್ಲಿ ಬಂಡೆಗಳ ಸಣ್ಣ ದಿಬ್ಬ ಕಟ್ಟಿದರು. ಎರಡು ದಿಬ್ಬಗಳ ನಡುವೆ ಅಲೆಗಳು ತಾವೇ ಮರಳನ್ನು ಕಮಾನಿನಂತೆ ಕೊರೆದು, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ. ಪಾರ್ಕಿನಲ್ಲಿ ನಡೆಯುವಾಗ ಈ ಪುಟ್ಟ ಕೊಲ್ಲಿಗಳು ಒಂದಾದ ಮೇಲೊಂದು ಕಾಣುತ್ತವೆ. ‘ನಮ್ಮಲ್ಲೂ ಹೀಗೆ ಮಾಡಬಹುದಿತ್ತಲ್ಲ’ ಎಂದು ಫೋನಿನಲ್ಲಿ ಅಕ್ಕ ಕೇಳಿದಳು. ಸಿಂಗಪುರ ಜಲಸಂಧಿಯ ಸಾಧು ನೀರಿಗೂ ಆಷಾಢದ ಅರಬ್ಬಿ ಸಮುದ್ರಕ್ಕೂ ಹೋಲಿಕೆ ಎಲ್ಲಿ, ಮಾರಾಯ್ತಿ!

ಸ್ವಂತ ಗುಡ್ಡ ಮುಗಿದ ಮೇಲೆ ಸಿಂಗಪುರ ನೆರೆದೇಶಗಳ ಮರಳು ತರಿಸತೊಡಗಿತು. ಮಲೇಷ್ಯಾ 1997ರಲ್ಲಿ, ಇಂಡೋನೇಷ್ಯಾ 2007ರಲ್ಲಿ ಮರಳು ರಫ್ತು ನಿಲ್ಲಿಸಿದವು. ನೇತ್ರಾವತಿಯ ಮರಳಿನ ಜಗಳ ನೋಡಿ ಬೆಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಹೊಸದಾಗಿ ಬಂದ ಕನ್ನಡದವರು ಸಿಲೋನ್ ರೋಡಿನ ಸೆಣ್ಬಗ ವಿನಾಯಕರ ಗುಡಿಯಲ್ಲಿ ಸಿಕ್ಕಾಗ, ಸುತ್ತ ನೋಡುವಂಥದ್ದು ಏನಿದೆ ಎಂದು ಕೇಳುತ್ತಾರೆ. ಗುಡಿಯೇ ಹತ್ತೊಂಬತ್ತನೇ ಶತಮಾನದ್ದು, ಸಂಪಿಗೆ ಮರದ ಬುಡದಲ್ಲಿ ಸಿಕ್ಕ ವಿಗ್ರಹದಿಂದ ಶುರುವಾಯಿತು ಎನ್ನುತ್ತಾರೆ. ನಾನು ಅವರನ್ನು ಕಟಾಂಗ್ ಪಾರ್ಕಿಗೆ ಕಳಿಸುತ್ತೇನೆ. ಬ್ರಿಟಿಷರು 1879ರಲ್ಲಿ ಕಡಲು ಕಾಯಲು ಕಟ್ಟಿದ ಕೋಟೆ ಆ ಹುಲ್ಲಿನಡಿ ಹೂತಿದೆ. 2004ರಲ್ಲಿ ಅಗೆದು ನೋಡಿ ಮತ್ತೆ ಮುಚ್ಚಿದರು. ಬುರುಜಿನ ತಲೆಯಷ್ಟೇ ನೆಲದ ಮಟ್ಟದಲ್ಲಿ ಕಾಣುತ್ತದೆ. ಅಲ್ಲಿ ನಿಂತು ಕಡಲು ಹುಡುಕಿದರೆ ಕಾಣುವುದು ಕಟ್ಟಡ, ಕಿವಿಗೆ ಬೀಳುವುದು ಹೆದ್ದಾರಿಯ ಸದ್ದು.

‘ಸೀ ವ್ಯೂ’ ಎಂದು ಹೆಚ್ಚು ಬಾಡಿಗೆ ಕೊಡುವವರು ಇನ್ನೊಂದು ಸಂಗತಿ ತಿಳಿದಿರಲಿ. 2023ರ ನವೆಂಬರಿನಲ್ಲಿ ಸರ್ಕಾರ ‘ಲಾಂಗ್ ಐಲ್ಯಾಂಡ್’ ಯೋಜನೆ ಮುಂದಿಟ್ಟಿತು. ಏರುತ್ತಿರುವ ಕಡಲಿನಿಂದ ತಗ್ಗಿನ ಈ ತೀರವನ್ನು ಕಾಪಾಡಲು ಪಾರ್ಕಿನಾಚೆ ಸುಮಾರು 800 ಹೆಕ್ಟೇರ್ ನೆಲ ಎಬ್ಬಿಸುವ ಆಲೋಚನೆ ಅದು. ಮುಗಿಯಲು ದಶಕಗಳೇ ಬೇಕು. ಮುಗಿದ ಮೇಲೆ ಈಗಿನ ಈಸ್ಟ್ ಕೋಸ್ಟ್ ಪಾರ್ಕಿನ ಎದುರಿಗಿರುವುದು ಸಿಹಿನೀರಿನ ಜಲಾಶಯ.